ಹೊಗೆ ಹಾಕದ ಆರು ಮನೆ

ಅಮ್ಮಾ,

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ಬೋಲ್ಗಟಾಂಗಾ ಸಂತೆಯಲ್ಲಿ ನೆರೆಮನೆಯ ಅತಿಪೋಕಾ ಅತ್ತೆ ಸಿಕ್ಕರು.

ನೀನು ಹಾಕುತ್ತಿದ್ದ ಬೇವಿನ ಹೊಗೆಗೆ ಸೊಳ್ಳೆ ಓಡುತ್ತದೆಯೇ ಎಂದು ನಾನು ಪರೀಕ್ಷೆ ಮಾಡಿದ್ದೆನಲ್ಲ? ಆರು ಮನೆಗೆ ಹೊಗೆ, ಆರು ಮನೆಗೆ ಇಲ್ಲ. ಎಣಿಸಿದರೆ ಸೊಳ್ಳೆ ಎರಡೂ ಕಡೆ ಅಷ್ಟೇ. "ನಿನ್ನ ಹೊಗೆಯಿಂದ ಏನೂ ಆಗಲ್ಲ ಕಣಮ್ಮ" ಎಂದು ಎಲ್ಲರೆದುರು ನಕ್ಕಿದ್ದೆ. ನೀನು ಹೊಗೆಯ ಮಡಕೆ ತೊಳೆದು ಬೋರಲು ಹಾಕಿದೆ.

ಅತ್ತೆ ಇವತ್ತು ಬಾಯಿಬಿಟ್ಟರು: "ಹೊಗೆ ಇಲ್ಲದ ನಮ್ಮ ಆರು ಮನೆಗೂ ನಿಮ್ಮಮ್ಮ ದಿನಾ ಕದ್ದುಮುಚ್ಚಿ ಬೇವಿನ ಸೊಪ್ಪು ಕೊಡ್ತಿದ್ಲು ಕಣೇ, ನಾವೂ ಹೊಗೆ ಹಾಕ್ತಿದ್ವಿ. 'ಈ ಮಕ್ಕಳನ್ನ ಸೊಳ್ಳೆ ಕಚ್ಚಲ್ವಾ? ನನ್ನ ಮಗಳಿಗೆ ಹೇಳ್ಬೇಡಿ, ಬೈತಾಳೆ' ಅಂತಿದ್ಲು."

ವ್ಯತ್ಯಾಸ ಕಾಣದಿರಲು ಬೇರೆ ಏನೇನು ಕಾರಣವಿರಬಹುದೆಂದು ವರದಿಯಲ್ಲಿ ಬರೆದಿದ್ದೆ: ಗಾಳಿ, ಮಳೆ, ಕಿಟಕಿ. ನಿನ್ನನ್ನು ಬರೆದಿರಲಿಲ್ಲ.

ನಾನು ನಕ್ಕಾಗ ನೀನು ಒಂದು ಮಾತು ಹೇಳಿದ್ದರೆ ನನ್ನ ಪರೀಕ್ಷೆಯೇ ಬಿದ್ದುಹೋಗುತ್ತಿತ್ತು.

ಅಷ್ಟೊಂದು ಬೈಯುತ್ತಿದ್ದೆನೇ, ಅಮ್ಮಾ?