ನನ್ನ ಮಗಳನ್ನು ದಯವಿಟ್ಟು ಫೇಲ್ ಮಾಡಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಕಳೆದ ತಿಂಗಳು ತಮ್ಮ ಕಚೇರಿಯವರು ನನ್ನ ಮಗಳನ್ನು ಓದಿನ ಪರೀಕ್ಷೆಯಲ್ಲಿ ಪಾಸು ಮಾಡಿದ್ದಾರೆ. ಇದು ಶುದ್ಧ ಅನ್ಯಾಯ. ದಯವಿಟ್ಟು ಅವಳನ್ನು ಫೇಲ್ ಮಾಡಿ.

ಬರೆಯುವಾಗ ಕೈತಪ್ಪಿ ಹೀಗಾಗಿದೆ ಎಂದುಕೊಳ್ಳಬೇಡಿ. ನಾನು ಶಾಲೆಯ ಹಿಂದಿನ ಬೀದಿಯಲ್ಲಿ ಎರಡು ಕುರ್ಚಿಗಳ ಬ್ಯೂಟಿ ಪಾರ್ಲರ್ ನಡೆಸುವವಳು. ಮಗಳು ಎರಡನೇ ಕ್ಲಾಸು. ಅವಳ ಕಿವಿ ಬಲು ಚುರುಕು. ಒಮ್ಮೆ ಕೇಳಿದ್ದನ್ನು ಕೆಮ್ಮು, ಸೀನು ಸಮೇತ ಒಪ್ಪಿಸುತ್ತಾಳೆ. ಅದಕ್ಕೇ ಬೀದಿಯವರೆಲ್ಲ ಅವಳನ್ನು ರೇಡಿಯೋ ಎನ್ನುವುದು. ಆದರೆ ಅಕ್ಷರಗಳಿಗೂ ಅವಳಿಗೂ ಮಾತ್ರ ಮೊದಲಿನಿಂದ ಮಾತುಕತೆ ಇರಲಿಲ್ಲ.

ಇಂಥ ಎಂಟು ಮಕ್ಕಳಿಗಾಗಿ ಶಾಲೆಯಲ್ಲಿ ಮಧ್ಯಾಹ್ನದ ಹೊತ್ತು ಒಂದು ಓದಿನ ಪೀರಿಯಡ್ ಇತ್ತು. ಮುರಿದ ಬೆಂಚುಗಳನ್ನು ಮೂಲೆಗೆ ತಳ್ಳಿದ ಸ್ಟೋರ್ ರೂಮು, ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಮಕ್ಕಳ ನಡುವೆ ಒಬ್ಬರು ಟೀಚರ್. ಅವರು ಯಾರನ್ನೂ ಗದರಿಸುತ್ತಿರಲಿಲ್ಲ. ರಟ್ಟಿನ ಅಕ್ಷರಗಳನ್ನು ಕೈಗೆ ಕೊಟ್ಟು, 'ಕ'ಗೆ ಕೊಂಬು ಸಿಕ್ಕಿಸಿದರೆ ಏನಾಗುತ್ತದೆ, ನೀವೇ ಹೇಳಿ ಎಂದು ಆಡಿಸುತ್ತಿದ್ದರು. ಒತ್ತಕ್ಷರಕ್ಕೆ ಅವರಿಟ್ಟ ಹೆಸರು 'ಮರಿ': ದೊಡ್ಡ ಅಕ್ಷರದ ಕಾಲಡಿ ಕೂತಿರುತ್ತದಲ್ಲ, ಅದಕ್ಕೆ. ನನ್ನ ಮಗಳು ಕಾಗುಣಿತವನ್ನು ತೆವಳಿಕೊಂಡು ದಾಟಿ, ಮರಿಗಳ ಬಾಗಿಲಿಗೆ ಬಂದು ನಿಂತಿದ್ದಳು. ಅಷ್ಟರಲ್ಲಿ ತಮ್ಮ ತಂಡ ಶಾಲೆಗೆ ದಯಮಾಡಿಸಿತು.

ತಂಡದವರು ಅವಳ ಕೈಗೆ ಪಾಠದ ಪುಸ್ತಕ ಕೊಟ್ಟು, ಕರಡಿ ಟೋಪಿ ಕಳೆದುಕೊಂಡ ಪಾಠ ಓದು ಎಂದರಂತೆ. ಆ ಪಾಠವನ್ನು ಇಡೀ ಕ್ಲಾಸು ತಿಂಗಳಿಂದ ಒಕ್ಕೊರಲಿನಲ್ಲಿ ಕೂಗುತ್ತಿತ್ತು. ರೇಡಿಯೋ ಶುರುವಾಯಿತು. "ಮಂಚದ ಕೆಳಗೆ ಇಲ್ಲ! ಬಾಗಿಲ ಹಿಂದೆ ಇಲ್ಲ!" ಎಂದು ಕರಡಿಯ ದುಃಖವನ್ನೆಲ್ಲ ತಾನೇ ಅನುಭವಿಸಿ, ತಕ್ಕ ಜಾಗದಲ್ಲಿ ಪುಟ ತಿರುವಿ, ಕೊನೆಯಲ್ಲಿ ನಿಟ್ಟುಸಿರೂ ಬಿಟ್ಟಳಂತೆ. ತಂಡದವರು ಚಪ್ಪಾಳೆ ತಟ್ಟಿದರು. ಉಳಿದ ಏಳು ಮಕ್ಕಳೂ ಅದೇ ಕರಡಿಯ ಕೈಹಿಡಿದು ದಡ ಸೇರಿದರು. ಮರುವಾರವೇ ಗೇಟಿನ ಮೇಲೆ 'ಪ್ರತಿ ಮಗುವೂ ಓದುವ ಶಾಲೆ' ಎಂಬ ಬ್ಯಾನರ್ ಬಂತು. ಎಲ್ಲರಿಗೂ ಓದಲು ಬರುವಾಗ ಓದು ಕಲಿಸುವವರೇಕೆ? ಟೀಚರನ್ನು ಬೇರೆಡೆಗೆ ಹಾಕಿದಿರಿ. ಚಾಪೆ ಸುತ್ತಿದರು. ಬೆಂಚುಗಳು ಮತ್ತೆ ಇಡೀ ಕೋಣೆಗೆ ಹರಡಿಕೊಂಡವು.

ನಿಜ ಹೇಳುತ್ತೇನೆ, ಬ್ಯಾನರ್ ನೋಡಿ ನಾನೂ ಹಿಗ್ಗಿದೆ. ಬಂದ ಗಿರಾಕಿಗಳಿಗೆಲ್ಲ ಮಗಳಿಂದ ಓದಿಸಿದೆ. ಒಂದು ಶನಿವಾರ, ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ ಫೇಸ್ ಪ್ಯಾಕ್ ಹಚ್ಚಿಸಿಕೊಂಡು ಕೂತಿದ್ದರು. ಒಣಗುವವರೆಗೆ ತುಟಿ ಅಲ್ಲಾಡಿಸಬೇಡಿ ಎಂದು ನಾನೇ ಹೇಳಿದ್ದೆ. ಎದುರಿಗೆ ಸ್ಟೂಲಿನ ಮೇಲೆ ನಿಂತ ಮಗಳು ಕರಡಿಯನ್ನು ಹುಡುಕಾಟಕ್ಕೆ ಹಚ್ಚಿದ್ದಳು. ಅಕ್ಕ ಕಣ್ಣರಳಿಸಿದರು. ಬೆರಳು ತಿರುಗಿಸಿ ಏನೋ ಸನ್ನೆ ಮಾಡಿದರು. ಫ್ಯಾನ್ ಜೋರು ಮಾಡಬೇಕೇನೋ ಎಂದು ಜೋರು ಮಾಡಿದೆ. ಅವರು ತಲೆ ಅಲ್ಲಾಡಿಸಿ ಮತ್ತೆ ತಿರುಗಿಸಿದರು. ಫ್ಯಾನ್ ಆರಿಸಿದೆ. ಕೊನೆಗೆ ತಡೆಯಲಾರದೆ ಅಕ್ಕ ಗಹಗಹಿಸಿ ನಕ್ಕರು. ಫೇಸ್ ಪ್ಯಾಕ್ ಬಿರುಕುಬಿಟ್ಟು ಮಡಿಲಿಗೆ ಉದುರಿತು.

"ಪುಸ್ತಕ ತಲೆಕೆಳಗಾಗಿದೆ ಕಣೇ!"

ನಾನೂ ನಕ್ಕೆ. ಆಮೇಲೆ ಪುಸ್ತಕ ನೆಟ್ಟಗೆ ಹಿಡಿಸಿ, ಒಂದು ಪದದ ಮೇಲೆ ಬೆರಳಿಟ್ಟು ಇದೇನು ಎಂದೆ. ಮಗಳು ಅಕ್ಷರ ಬಿಟ್ಟು ಚಿತ್ರ ನೋಡಿದಳು, ನನ್ನ ಮುಖ ನೋಡಿದಳು. "ಕರಡಿ?" ಎಂದಳು. ಅದು 'ಬಾಗಿಲು' ಆಗಿತ್ತು. ನನ್ನ ನಗು ಅಲ್ಲೇ ನಿಂತಿತು.

"ಮತ್ತೆ ಅವತ್ತು ಯಾಕೆ ಹಂಗೆ ಓದಿದೆ?"

"ಓದು ಅಂದ್ರಮ್ಮ. ಚಪ್ಪಾಳೆ ಹೊಡೆದ್ರು. ಹೊಡೆದ ಮೇಲೆ ಟೀಚರ್ ಬರಲೇ ಇಲ್ಲ." ಪುಸ್ತಕವನ್ನು ನನ್ನ ಕೈಗೆ ತುರುಕಿದಳು. "ನಾನು ಚೆನ್ನಾಗಿ ಓದಿದ್ದಕ್ಕೇ ಹೋಗ್ಬಿಟ್ರಾ?"

ಈ ಪ್ರಶ್ನೆಗೆ ತಮ್ಮ ಬಳಿ ಉತ್ತರವಿದೆಯೇ? ಸೋಮವಾರ ಪಾರ್ಲರಿಗೆ ಬೀಗ ಹಾಕಿ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರು ಕಂಪ್ಯೂಟರ್ ನೋಡಿ, "ಪಾಸಾಗಿದ್ದಾಳಲ್ಲಮ್ಮ, ಇನ್ನೇನು?" ಎಂದರು.

"ಅವಳಿಗೆ ಓದೋಕೆ ಬರಲ್ಲ ಸಾರ್."

"ಬರುತ್ತೆ ಅಂತ ಇಲ್ಲಿದೆಯಲ್ಲ."

"ಅಲ್ಲಿದೆ ಸಾರ್. ಅವಳ ಹತ್ರ ಇಲ್ಲ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಫೇಲಾದವರನ್ನ ಪಾಸು ಮಾಡಿ ಅಂತ ಬರೋರು ಬೇಕಾದಷ್ಟು ಜನ. ಪಾಸಾದವರನ್ನ ಫೇಲ್ ಮಾಡೋಕೆ ಇದರಲ್ಲಿ ಬಟನ್ನೇ ಇಲ್ಲಮ್ಮ." ಪಾಪ, ಹುಡುಕಿಯೇ ಹೇಳಿದರು.

ಹೊರಬರುವಾಗ ಪಕ್ಕದ ಕೋಣೆಯಲ್ಲಿ ಯಾರು ಕಾಣಿಸಿದರು ಗೊತ್ತೇ? ನಮ್ಮ ಓದಿನ ಟೀಚರ್! ಮಕ್ಕಳಿಗೆ ಓದು ಕಲಿಸಬಲ್ಲವರನ್ನು ತಾವು ಎಷ್ಟು ಶಾಲೆಗಳ ಮಕ್ಕಳಿಗೆ ಓದಲು ಬರುತ್ತದೆ ಎಂಬ ವರದಿ ಟೈಪ್ ಮಾಡಲು ಕೂರಿಸಿದ್ದೀರಿ. ತಮ್ಮ ಯೋಜನಾಶಕ್ತಿಗೆ ನಮೋ ನಮಃ. ನನ್ನ ಕಥೆ ಕೇಳಿ ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನಂತರ ದನಿ ತಗ್ಗಿಸಿ, "ಅವಳು ಎಲ್ಲೂ ಕೇಳಿರದ ಮಾತು ಬರೆದು ತೋರಿಸಿ. ತಪ್ಪಿದ್ರೆ ತಕ್ಷಣ ಹೇಳ್ಕೊಡಬೇಡಿ, ಸ್ವಲ್ಪ ಕಾಯಿರಿ. ಬಾಗಿಲ ತನಕ ಬಂದಿದಾಳೆ ರೀ," ಎಂದರು.

ಯಾರೂ ಎಂದೂ ಆಡಿರದ ಮಾತು ಯಾವುದು? ಸಲಹೆ ಕೊಟ್ಟವರು ಬ್ಯಾಂಕಿನ ಅಕ್ಕನೇ. ಅವರು ಹುಬ್ಬು ಮಾಡಿಸಿಕೊಳ್ಳಲು ಬಂದಿದ್ದಾಗ, ಐಬ್ರೋ ಪೆನ್ಸಿಲ್ಲಿನಿಂದ ಕನ್ನಡಿಯ ಮೇಲೆ ದಪ್ಪಗೆ ಬರೆದೆ: 'ಆಂಟಿಯ ಹುಬ್ಬು ಓಡಿ ಹೋಯಿತು.'

ಮಗಳು ಸ್ಟೂಲು ಹತ್ತಿದಳು. ಪಕ್ಕದಲ್ಲಿ ಚಿತ್ರವಿರಲಿಲ್ಲ. ನನ್ನ ಮುಖ ನೋಡಿದಳು. ನಾನು ಬಾಚಣಿಗೆ ತೊಳೆಯುವಂತೆ ನಟಿಸಿದೆ. "ಆಂ... ಟಿ... ಯ," ಎಂದಳು. "ಹು... ಬು. ಹುಬು." ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅಕ್ಕ ಕೂಡ ಉಸಿರು ಬಿಗಿಹಿಡಿದಿದ್ದರು. ಮಗಳು ಕನ್ನಡಿಗೆ ಮೂಗು ತಾಗಿಸಿ ನೋಡಿದಳು. "ಅಯ್ಯೋ, ಕೆಳಗೆ ಮರಿ ಇದೆ! ಹುಬ್... ಬು. ಹುಬ್ಬು!" ಮುಂದೆ ಅವಸರವಿಲ್ಲದೆ ಒಂದೊಂದೇ ಅಕ್ಷರಕ್ಕೆ ಬೆರಳು ಮುಟ್ಟಿಸುತ್ತ ಹೋದಳು. "ಓ... ಡಿ. ಹೋ... ಯಿ... ತು."

ಆಮೇಲೆ ಗಿರಕ್ಕನೆ ತಿರುಗಿ ಅಕ್ಕನ ಹಣೆ ನೋಡಿದಳು. ಹುಬ್ಬು ಅಲ್ಲೇ ಇತ್ತು. ಹೊಟ್ಟೆ ಹಿಡಿದುಕೊಂಡು ನಕ್ಕಳು ನೋಡಿ ಸ್ವಾಮೀ, ಸ್ಟೂಲಿನಿಂದ ಬೀಳದಂತೆ ನಾನು ಹಿಡಿದುಕೊಳ್ಳಬೇಕಾಯಿತು. "ಅಮ್ಮ, ಇದನ್ನ ನಂಗ್ಯಾರೂ ಹೇಳಿಲ್ಲ! ಕನ್ನಡೀನೇ ಹೇಳ್ತು!"

ನನ್ನ ಮಗಳು ಓದಿದ ಮೊದಲ ವಾಕ್ಯ ಅದು. ತಮ್ಮ ತಂಡ ಕೇಳಿದ್ದು ಕಂಠಪಾಠ. ಇದಕ್ಕಿಂತ ಸಾವಿರ ಪಾಲು ಸೊಗಸಾಗಿತ್ತು, ಒಪ್ಪುತ್ತೇನೆ.

ಆದರೆ ಉಳಿದ ಏಳು ಮನೆಗಳಲ್ಲಿ ಇಂಥ ಕನ್ನಡಿಯೂ ಇಲ್ಲ, ಹುಬ್ಬು ಕಳೆದುಕೊಳ್ಳಲು ಒಪ್ಪುವ ಬ್ಯಾಂಕಿನ ಅಕ್ಕನೂ ಇಲ್ಲ. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಆ ಎಂಟೂ ಮಕ್ಕಳ ಪಾಸನ್ನು ವಾಪಸು ತೆಗೆದುಕೊಳ್ಳಿ. ಬಟನ್ ಇಲ್ಲದಿದ್ದರೆ ಹಾಕಿಸಿ. ಟೀಚರನ್ನು ಕಂಪ್ಯೂಟರಿನ ಮುಂದಿನಿಂದ ಎಬ್ಬಿಸಿ ಚಾಪೆಯ ಮೇಲೆ ಕೂರಿಸಿ. ನಂತರ ತಾವೇ ಬನ್ನಿ. ಮಕ್ಕಳು ಕಂಡು ಕೇಳಿರದ ಒಂದು ಸಾಲು ಬರೆದುಕೊಂಡು ಬನ್ನಿ. ನಗು ಬರುವಂಥದ್ದಾಗಿರಲಿ. ಅವರು ನಕ್ಕರೆ ಪಾಸು.

ಇಂತಿ,
ಆ ಸಾಲನ್ನು ಒರೆಸಲು ಮನಸ್ಸು ಬಾರದೆ, "ನಮ್ಮ ಮುಖವೇ ಕಾಣಲ್ಲ" ಎಂದು ದಿನವೂ ಗಿರಾಕಿಗಳಿಂದ ಬೈಸಿಕೊಳ್ಳುತ್ತಿರುವ
ಬ್ಯೂಟಿ ಪಾರ್ಲರಿನ ಒಡತಿ