ಕನ್ನಡಕದ ಮೇಲಿಂದ

ಶನಿವಾರ, ಮಾರ್ಚ್ 14

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಬಂದು ಐದು ವಾರವಾಯಿತು. ತಡವಾದದ್ದಕ್ಕೆ ಕಾರಣವನ್ನು ಮೂರು ಸಲ ಬರೆದು ಮೂರು ಸಲ ಹರಿದೆ. ಮೂರೂ ವಾಯಿದೆ ಕೇಳುವ ಅರ್ಜಿಯ ಹಾಗಿದ್ದವು. ನಿನ್ನ ಕೆಮ್ಮು ಬಿಟ್ಟಿತೇ? ಅಮ್ಮನ ಹೊಲಿಗೆ ಯಂತ್ರ ಬೇಕು ಎಂದಿದ್ದೆಯಲ್ಲ, ಎಣ್ಣೆ ಹಾಕಿ ಪೆಟ್ಟಿಗೆಗೆ ಇಳಿಸಿದ್ದೇನೆ. ಅವಳು ಹೋದ ಈ ಒಂಬತ್ತು ವರ್ಷ ಮುಚ್ಚಿಟ್ಟೇ ಇದ್ದರೂ ಚಕ್ರ ಸರಾಗವಾಗಿ ತಿರುಗುತ್ತದೆ. ಸೋಮವಾರ ಕಳಿಸುತ್ತೇನೆ. ನನಗೀಗ ಪುರುಸೊತ್ತಿಗೇನೂ ಕೊರತೆಯಿಲ್ಲ. ವಕೀಲರ ಶಿಸ್ತು ಸಮಿತಿ ನನ್ನನ್ನು ಮೂರು ತಿಂಗಳು ಮನೆಯಲ್ಲಿ ಕೂರಿಸಿದೆ. ಬೇರೆಯವರ ಬಾಯಿಂದ ನಿನಗೆ ತಲುಪುವ ಮೊದಲು ನಾನೇ ಹೇಳಿಬಿಡುತ್ತೇನೆ.

ಒಬ್ಬ ವ್ಯಾನ್ ಚಾಲಕ. ಕೆಂಪು ದೀಪ ದಾಟಿ ಹೋಗಿ ಸೈಕಲ್ ಸವಾರನೊಬ್ಬನ ಕಾಲು ಮುರಿದನೆಂದು ಅವನ ಮೇಲೆ ಕೇಸು. ನಾನು ಅವನ ವಕೀಲ. ಅವನು ನನ್ನ ಕೋಣೆಯಲ್ಲಿ ಏನು ಹೇಳಿದನೆಂದು ನಿನಗೂ ಬರೆಯುವಂತಿಲ್ಲ. ಬರೆಯುವಂತಿಲ್ಲ ಎಂದದ್ದರಿಂದ ನೀನು ಏನನ್ನೂ ಊಹಿಸಲೂಬಾರದು. ಎದುರು ಪಕ್ಷಕ್ಕೆ ಇದ್ದದ್ದು ಒಂದೇ ಸಾಕ್ಷಿ: ಆ ವೃತ್ತದ ಮೂಲೆಯಲ್ಲಿ, ಮೊದಲ ಮಹಡಿಯ ಕಿಟಕಿಯ ಪಕ್ಕ ಕೂತು ಬಟ್ಟೆ ಹೊಲಿಯುವ ಹೆಂಗಸು. ಅರವತ್ತು ದಾಟಿದವರು. "ದೀಪ ಕೆಂಪಿತ್ತು, ವ್ಯಾನು ನಿಲ್ಲಲಿಲ್ಲ," ಎಂದರು. ಅಷ್ಟೇ.

ಕಟಕಟೆಯಲ್ಲಿ ನಿಂತ ಅವರನ್ನು, ಹೊಲಿಯುವಾಗ ಕನ್ನಡಕ ಇತ್ತೇ ಎಂದು ಕೇಳಿದೆ. ಇತ್ತು. ಸೂಜಿಗೆ ದಾರ ಪೋಣಿಸುವ ಕನ್ನಡಕವೇ? ಹೌದು. ಅದನ್ನೇ ಹಾಕಿಕೊಂಡು ಎದುರು ಗೋಡೆಯ ಗಡಿಯಾರದಲ್ಲಿ ಎಷ್ಟು ಗಂಟೆ ಹೇಳಿ ಎಂದೆ. ಅವರು ಕಣ್ಣು ಕಿರಿದು ಮಾಡಿ, "ಎರಡೂವರೆ?" ಎಂದರು. ಆಗಿದ್ದದ್ದು ಹನ್ನೊಂದೂ ಹತ್ತು. ಹಿಂದಿನ ಬೆಂಚಿನವರು ನಕ್ಕರು. "ಅಲ್ಲ ಸಾರ್, ನಾನು ತಲೆ ಎತ್ತಿ..." ಎಂದು ಶುರು ಮಾಡಿದರು. "ಹೌದು ಅಥವಾ ಇಲ್ಲ, ಅಷ್ಟು ಹೇಳಿ. ದೀಪ ಹಳದಿಯೂ ಇದ್ದಿರಬಹುದಲ್ಲವೇ?" ಎಂದೆ. ಅವರು ಕನ್ನಡಕ ತೆಗೆದು ಮಡಚಿದರು. ಆಮೇಲೆ, "ಇರಬಹುದು," ಎಂದರು.

ಹೊಲಿಯುವವರು ದೂರ ನೋಡುವಾಗ ಗದ್ದ ತಗ್ಗಿಸಿ ಕನ್ನಡಕದ ಮೇಲಿಂದ ನೋಡುತ್ತಾರೆ. ಇಪ್ಪತ್ತು ವರ್ಷ ನಿನ್ನ ಅಮ್ಮ ನನ್ನನ್ನು ಹಾಗೆಯೇ ನೋಡಿದ್ದು. ಆ ಹೆಂಗಸು ಹೇಳಹೊರಟದ್ದು ಅದನ್ನೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ತಡೆದೆ.

ಆ ಭಾನುವಾರ ಚರ್ಚಿನ ಆರಾಧನೆಯಲ್ಲಿ ಪಾಸ್ಟರ್, ಯಾರ ಮನಸ್ಸು ನೋಯಿಸಿದ್ದೀರೋ ಮೊದಲು ಅವರ ಮನೆಗೆ ಹೋಗಿ, ಆಮೇಲೆ ಈ ಮೇಜಿನ ಬಳಿ ಬನ್ನಿ ಎಂದು ಪ್ರಸಂಗ ಮಾಡಿದರು. ಮೂವತ್ತು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೆನೋ. ರೊಟ್ಟಿ, ದ್ರಾಕ್ಷಾರಸ ಪಡೆಯುವ ಪ್ರಭುಭೋಜನದ ಸಾಲಿನಲ್ಲಿ ನನ್ನ ಮುಂದೆ ಇನ್ನಿಬ್ಬರಿದ್ದರು. ಸಾಲು ಬಿಟ್ಟು ಹೊರಗೆ ನಡೆದೆ. ಜನ ಹೊಟ್ಟೆನೋವೆಂದುಕೊಂಡರಂತೆ.

ಆ ಹೊಲಿಗೆಯ ಹೆಂಗಸಿನ ಅಂಗಡಿ ತೆರೆದಿತ್ತು. "ಅಳತೆ ಕೊಡೋಕೆ ಬಂದ್ರಾ? ನಂಗೆ ಕಣ್ಣು ಕಾಣಲ್ಲ, ನೋಡಿ ಮತ್ತೆ," ಎಂದರು.

"ಕ್ಷಮೆ ಕೇಳೋಕೆ ಬಂದೆ, ಅಮ್ಮ."

ದಾರ ಹಲ್ಲಿನಿಂದ ಕಡಿದು, ಕನ್ನಡಕದ ಮೇಲಿಂದಲೇ ನನ್ನನ್ನು ನೋಡಿದರು. "ನಗಿಸಿದ್ದು ಅಷ್ಟು ಜನರ ಮುಂದೆ, ಕೇಳೋದು ಮಾತ್ರ ಇಲ್ಲಿ, ಮೆಲ್ಲಗೆ. ಎಲ್ಲಿ ನಗಿಸಿದ್ರೋ ಅಲ್ಲೇ ಬಂದು ಕೇಳಿ. ಕ್ಷಮಿಸ್ತೀನಿ."

ಅದು ನನ್ನಿಂದಾಗದು. ಅಲ್ಲಿ ನಿಂತು ಈಕೆ ಹೇಳಿದ್ದು ನಿಜವಿರಬಹುದು ಎಂದರೆ ನನ್ನ ಕಕ್ಷಿದಾರನನ್ನು ನಾನೇ ಮುಳುಗಿಸಿದಂತೆ. ವಿವರಿಸಲು ಹೋದೆ. "ಸರಿ ಬಿಡಿ, ನಿಮ್ಮ ದೇವರಿಗೂ ಕೋರ್ಟಿಗೂ ಬಾಗಿಲು ಬೇರೆ ಬೇರೆ," ಎಂದು ಯಂತ್ರ ತುಳಿಯತೊಡಗಿದರು.

ತೀರ್ಪು ಬರುವ ಮುಂಚೆ ಎದುರು ಪಕ್ಷದ ಸಾಕ್ಷಿಯ ಅಂಗಡಿಗೆ ಕಾಲಿಟ್ಟ ವಕೀಲ! ಬುಧವಾರವೇ ಶಿಸ್ತು ಸಮಿತಿಗೆ ದೂರು ಹೋಯಿತು. ನನ್ನ ಪಾಲುದಾರ, ನೀವೆಲ್ಲ ಗಡ್ಡದ ಮಾಮ ಎನ್ನುತ್ತಿದ್ದವನು, ತಲೆ ಚಚ್ಚಿಕೊಂಡ. "ತೀರ್ಪಿನವರೆಗೆ ತಡಕೊಳ್ಳೋಕೆ ಆಗಲಿಲ್ವೇನೋ? ಪಶ್ಚಾತ್ತಾಪಕ್ಕೆ ಏನು, ವಾಯಿದೆ ಮುಗಿದುಹೋಗ್ತಿತ್ತಾ?" ಪಾಸ್ಟರ್ ಮೂಗು ತಿಕ್ಕಿಕೊಳ್ಳುತ್ತ, "ನಾನು ಹೇಳಿದ್ದು ಸ್ವಲ್ಪ ಆತ್ಮೀಕ ಅರ್ಥದಲ್ಲಿ," ಎಂದರು. ಚಾಲಕನ ಮಾತೇ ಇವರೆಲ್ಲರಿಗಿಂತ ನೇರ: "ಸಾರ್, ನೀವು ನನ್ನ ಕಡೆಯೋ, ದೇವರ ಕಡೆಯೋ? ಒಂದು ಕಡೆ ನಿಂತ್ಕೊಳ್ಳಿ." ಕೇಸು ಗಡ್ಡದವನಿಗೆ ಒಪ್ಪಿಸಿದೆ. ಹೋದ ವಾರ ಚಾಲಕನ ಬಿಡುಗಡೆಯಾಯಿತು. ಸಂಶಯದ ಲಾಭ. ತೀರ್ಪಿನ ನಾಲ್ಕನೆಯ ಪುಟದಲ್ಲಿ ಆಕೆಯ "ಇರಬಹುದು" ಉದ್ಧರಣ ಚಿಹ್ನೆಯೊಳಗೆ ಕೂತಿದೆ.

ಸಮಿತಿಯ ಅಧ್ಯಕ್ಷರು, "ಯಾವ ತಪ್ಪಿಗೆ ಕ್ಷಮೆ ಕೇಳಿದಿರಿ?" ಎಂದು ಕೇಳಿದರು. ಪೂರ್ತಿ ಹೇಳಿದರೆ ಕಕ್ಷಿದಾರನಿಗೆ ದ್ರೋಹ. ನಗಿಸಿದ್ದಕ್ಕೆ ಮಾತ್ರ ಎಂದರೆ ಇನ್ನೊಂದು ಅರ್ಧ ಸತ್ಯ. "ಹೇಳಲಾರೆ," ಎಂದೆ. "ಹೌದು ಅಥವಾ ಇಲ್ಲ ಅಂತ ಕೇಳಬೇಕಿತ್ತೇನೋ," ಎಂದರು ಒಬ್ಬ ಸದಸ್ಯರು. ಎಲ್ಲರೂ ನಕ್ಕರು. ಅಲ್ಲಿಯೂ ಗೋಡೆಯ ಮೇಲೆ ಒಂದು ಗಡಿಯಾರವಿತ್ತು. ಅದನ್ನೇ ನೋಡುತ್ತ ಕೂತೆ.

ನನ್ನ ಸಿಟ್ಟು ಯಾರ ಮೇಲೆಂದು ನನಗೇ ಬಗೆಹರಿದಿಲ್ಲ. ಸಮಿತಿಯ ನಿಯಮ ಸರಿಯಾಗಿಯೇ ಇದೆ, ಪಾಸ್ಟರ್ ಹೇಳಿದ್ದೂ ಸರಿ. ಎರಡನ್ನೂ ಪಾಲಿಸಲು ಹೊರಟವನು ಮನೆಯಲ್ಲಿ ಕೂತು ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದಾನೆ. ಪ್ರಭುಭೋಜನದ ಸಾಲಿಗೆ ಇನ್ನೂ ಹಿಂದಿರುಗಿಲ್ಲ. ಕೊನೆಯ ಬೆಂಚಿನಲ್ಲಿ ಕೂತು ಎದ್ದು ಬರುತ್ತೇನೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹೋಗಿ ಬರುವ ದಾರಿಯ ಮೇಲೆ ಕರ್ತನ ಕಣ್ಣಿರಲಿ. ಅದು ನನ್ನ ಕಣ್ಣಿಗಿಂತ ಚೆನ್ನಾಗಿ ಕಾಣುತ್ತದೆ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದೇನಲ್ಲ. ಇದನ್ನು ಬರೆಯಲಾರದೆಯೇ ಐದು ವಾರ ಹಿಡಿಯಿತು. ನಿನಗೆ ಆಗ ಹದಿಮೂರು. ಅಮ್ಮ ಇದೇ ಯಂತ್ರದ ಮೇಲೆ ತಲೆಯಿಟ್ಟು ಬಿದ್ದಿದ್ದಳೆಂದು ನೀನು ಬಂದು ಹೇಳಿದೆ. ಅವಳು, ನಿದ್ದೆ ಹತ್ತಿತ್ತು ಎಂದಳು. "ನಿದ್ದೆ ಅಲ್ಲಪ್ಪ, ಕಾಲು ಅದುರ್ತಾ ಯಂತ್ರ ಓಡ್ತಾನೇ ಇತ್ತು," ಎಂದೆ ನೀನು. ಊಟದ ಮೇಜಿನಲ್ಲಿ ನಿನ್ನನ್ನು ಪ್ರಶ್ನಿಸಿದೆ. ಎಷ್ಟು ನಿಮಿಷ? ಗಡಿಯಾರ ನೋಡಿದೆಯಾ? ಬಾಗಿಲಲ್ಲಿ ನಿಂತರೆ ಅವಳ ಕಾಲು ಕಾಣುತ್ತದಾ? ಕೊನೆಗೆ ನೀನು ತಟ್ಟೆ ನೋಡುತ್ತ, "ನಿದ್ದೇನೇ ಇರಬಹುದು," ಎಂದೆ. ನಾನೂ ಅಮ್ಮನೂ ನಕ್ಕೆವು. ನಾಲ್ಕು ತಿಂಗಳ ಮೇಲೆ, ಅಮ್ಮನನ್ನು ಕಳೆದುಕೊಂಡ ಆಸ್ಪತ್ರೆಯಲ್ಲಿ ಡಾಕ್ಟರು, "ಮೊದಲೇ ಯಾರೂ ಗಮನಿಸಿರಲಿಲ್ವಾ?" ಎಂದಾಗ ನೀನು ನನ್ನ ಮುಖ ನೋಡಿದೆ. ನಾನು "ಇಲ್ಲ" ಎಂದೆ.

ಅದು ಸುಳ್ಳು. ನನ್ನ ಮಗಳು ಗಮನಿಸಿದ್ದಳು. ನನಗೆ ಹೇಳಿದ್ದಳು. ಹೇಳಿದ್ದು ನಿಜವಾಗಿತ್ತು. ಈ ಕೊನೆಯ ಮೂರು ವಾಕ್ಯಗಳನ್ನು ಬೇರೆ ಹಾಳೆಯಲ್ಲಿ ಬರೆದು, ಸಹಿ ಹಾಕಿ, ಇವತ್ತು ಬೆಳಿಗ್ಗೆ ಆ ಆಸ್ಪತ್ರೆಗೆ ಹೋಗಿ ಅದೇ ಡಾಕ್ಟರ ಕೈಗೇ ಕೊಟ್ಟು ಬಂದೆ. ಅವರಿಗೆ ನನ್ನ ಗುರುತೂ ಸಿಗಲಿಲ್ಲ. ಆದರೂ ಓದಿಸಿದೆ, ನಿಂತುಕೊಂಡೇ, ಆ ದಿನ ನೀನು ನಿಂತಿದ್ದ ಜಾಗದಲ್ಲಿ.