ಗೋಡೆಯ ತೂತಿನ ನೀರು

ಕುಂಬಾರಕೊಪ್ಪಲು
ಭಾನುವಾರ

ಚಲುವಮ್ಮನವರಿಗೆ ಪಕ್ಕದ ಮನೆ ಪ್ರೇಮಮ್ಮ ಮಾಡುವ ನಮಸ್ಕಾರಗಳು.

ಒಂದೇ ಗೋಡೆಯ ಆಚೆ ಇದ್ದುಕೊಂಡು ಕಾಗದ ಬರೆಯುತ್ತಾಳಲ್ಲ ಅಂತ ನಗಬೇಡಿ. ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ.

ಹೋದ ವಾರ ಗಾಳಿಗೆ ಹಾರಿದ ಸೀರೆ ತರಲು ನಿಮ್ಮ ಹಿತ್ತಲಿಗೆ ಬಂದಿದ್ದೆ. ನೀವಿರಲಿಲ್ಲ. ನಿಮ್ಮ ತವರಿನ ರಸಬಾಳೆ ಇದ್ದ ಕಡೆ ಒಣಗಿದ ಬುಡ, ಸುತ್ತ ಬೆಳ್ಳಗೆ ಸೋಪಿನ ಕರೆ. ನಿಮ್ಮ ಸೊಸೆ ಭಾನುಪ್ರಿಯಾ, "ಗಿಡ ಹೋಗಿ ವರ್ಷ ಆಯ್ತು ಕಣಮ್ಮ. ನಿಮ್ ಡಬ್ಬೀಲಿ ಹಾಕಿ ಕೊಡೋ ಹಣ್ಣ ಅತ್ತೆ ಮಾರ್ಕೆಟ್ಟಿಂದ ತರ್ತಾರೆ. ಹೇಳ್ಬೇಡ ಅಂದವ್ರೆ" ಅಂದಳು.

ಅಕ್ಕಿ ತೊಳೆದ ನೀರು ನಿಮ್ಮ ಬಾಳೆಗೆ ಹೋಗಲಿ ಅಂತ ನಾವಿಬ್ಬರೇ ನಿಂತು ಗೋಡೆಗೆ ತೂತು ಕೊರೆಸಿದ್ದೆವು. ನಮ್ಮ ಮನೆಗೆ ವಾಷಿಂಗ್ ಮೆಷಿನ್ ಬಂದಾಗ, ಒಂದು ಹನಿಯೂ ಮೋರಿಪಾಲಾಗಬಾರದು ಅಂತ ಅದರ ಪೈಪನ್ನೂ ಅಲ್ಲಿಗೇ ಹಾಕಿಸಿದೆ. ಪೌಡರಿನ ಯೋಚನೆಯೇ ಬರಲಿಲ್ಲ. ಹಣ್ಣಿನ ರುಚಿ ಬೇರೆ ಅನ್ನಿಸಿದಾಗಲೂ ನನ್ನ ನಾಲಿಗೆಗೇ ವಯಸ್ಸಾಯಿತು ಅಂದುಕೊಂಡೆ. ನೀವಾದರೂ ಒಂದು ಸಲ ಬೈಯಬಾರದಿತ್ತೇ?

ಪೈಪು ತೆಗೆಸಿದ್ದೇನೆ. ಇನ್ನು ಅಕ್ಕಿ, ತರಕಾರಿ ತೊಳೆದ ನೀರು ಮಾತ್ರ ಬರುತ್ತದೆ. ನಿಮ್ಮ ಬಾಗಿಲ ಬಳಿ ಬಾಳೆಕಂದು ಇಟ್ಟಿದ್ದೇನೆ. ನಿಮ್ಮ ತವರಿನ ತಳಿ ಎಷ್ಟು ಹುಡುಕಿದರೂ ಸಿಗಲಿಲ್ಲ, ಇದು ಏಲಕ್ಕಿ ಬಾಳೆ. ಹಳೆಯ ಜಾಗ ಬೇಡ, ನಲ್ಲಿ ಪಕ್ಕ ನೆಡಿ.

ಡಬ್ಬಿಯಲ್ಲಿ ಒಬ್ಬಟ್ಟಿದೆ. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು ಅಂತ ಮತ್ತೆ ಮಾರ್ಕೆಟ್ಟಿಗೆ ಹೋಗಬೇಡಿ. ಈ ಕಂದು ಗೊನೆ ಹಾಕುವ ತನಕ ಖಾಲಿಯೇ ಕಳಿಸಿ.

ನಿಮ್ಮ
ಪ್ರೇಮಮ್ಮ